ಕತ್ತಲಲ್ಲಿ ಅಲುಗದೆ ಕೂತವರು

ಬೆಂಗಳೂರಿನ ರಾತ್ರಿಗೂ ಒಂದು ಹುಟ್ಟಿದ ದಿನವಿದೆ. 1905ರ ಆಗಸ್ಟ್ 5ರಂದು ಇಂದಿನ ಕೆ.ಆರ್. ಮಾರುಕಟ್ಟೆಯ ಬಳಿ ವಿದ್ಯುತ್ ಬೀದಿದೀಪ ಹೊತ್ತಿಕೊಂಡಿತು. ಶಿವನಸಮುದ್ರದ ವಿದ್ಯುತ್ತು ಅದಕ್ಕೆ ಮೂರು ವರ್ಷ ಮೊದಲೇ, 1902ರಲ್ಲಿ, ಕೋಲಾರದ ಚಿನ್ನದ ಗಣಿ ತಲುಪಿತ್ತು. ಗಣಿಗೆ ಮೊದಲು, ಜನರ ಬೀದಿಗೆ ಆಮೇಲೆ! ಇರಲಿ. 1898ರ ಪ್ಲೇಗಿನ ನಂತರ ರೂಪುಗೊಂಡ ಬಸವನಗುಡಿ ಆಗಿನ್ನೂ ಹೊಸ ಬಡಾವಣೆ. ಅಗಲವಾದ ಬೀದಿ, ಎರಡೂ ಕಡೆ ಮರ, ಮರದ ಎಲೆಗಳ ನಡುವೆ ಬಲ್ಬು. ರಾತ್ರಿ ಫೋಟೋ ತೆಗೆಯುವ ಹವ್ಯಾಸಿಗಳು ಮುಂದೆ ಮನಸೋತದ್ದು ಈ ಬೆಳಕು ನೆರಳಿಗೇ.

ಕ್ಯಾಮರಾ ನಮ್ಮ ನಾಡಿಗೆ ದೀಪಕ್ಕಿಂತ ಅರ್ಧ ಶತಮಾನ ಮೊದಲೇ ಬಂದಿತ್ತು. ಬ್ರಿಟಿಷ್ ಸೇನಾಧಿಕಾರಿ ಲಿನಿಯಸ್ ಟ್ರೈಪ್ 1854ರಲ್ಲೇ ಬೇಲೂರು, ಹಳೇಬೀಡಿನ ಗುಡಿಗಳನ್ನು ಚಿತ್ರಿಸಿದ್ದ. ಅದೆಲ್ಲ ಹಗಲಿನ ಕೆಲಸ. ರಾತ್ರಿಯ ಬೀದಿ ಫೋಟೋಗ್ರಾಫರನ ಕೈಗೆ ಸಿಕ್ಕಿದ್ದು ತಡವಾಗಿ. ಲಂಡನ್ನಿನಲ್ಲಿ ಪಾಲ್ ಮಾರ್ಟಿನ್ 1890ರ ದಶಕದಲ್ಲಿ ಗ್ಯಾಸ್ ದೀಪದ ಬೀದಿಗಳನ್ನು ತೆಗೆದ. ಪ್ಯಾರಿಸಿನ ರಾತ್ರಿಗಳಿಂದ 1930ರ ದಶಕದಲ್ಲಿ ಹೆಸರಾದ ಬ್ರಸಾಯ್ ಕೈಗಡಿಯಾರದ ಬದಲು ಸಿಗರೇಟಿನಿಂದ ಹೊತ್ತು ಅಳೆಯುತ್ತಿದ್ದನಂತೆ. ಒಂದು ಸಿಗರೇಟು ಉರಿದು ಮುಗಿಯುವಷ್ಟು ಕಾಲ ಕ್ಯಾಮರಾದ ಕಣ್ಣು ತೆರೆದಿರಬೇಕು.

ನಮ್ಮ ಸೋದರಮಾವ, ನಾವು ಮಾಮು ಎನ್ನುತ್ತಿದ್ದೆವು, ಸಿಗರೇಟು ಮುಟ್ಟಿದವರಲ್ಲ. ಅವರು ಉರ್ದುವಿನಲ್ಲಿ ಎಣಿಸುತ್ತಿದ್ದರು. ಚಾಮರಾಜಪೇಟೆಯ ಮನೆಯಿಂದ ಟ್ರೈಪಾಡನ್ನು ಸೈಕಲ್ಲಿಗೆ ಕಟ್ಟಿಕೊಂಡು ಗಾಂಧಿ ಬಜಾರಿಗೆ ಹೋಗುವುದು ಅವರ ಶನಿವಾರದ ರೂಢಿ. ಅಷ್ಟು ಹೊತ್ತಿಗೆ ಆ ಬೀದಿ ಕನ್ನಡ ಕಾವ್ಯದೊಳಗೂ ಸೇರಿಹೋಗಿತ್ತು. ಕೆ.ಎಸ್. ನಿಸಾರ್ ಅಹಮದ್ ಅವರ ಮೊದಲ ಸಂಕಲನದ ಹೆಸರೇ 'ಮನಸು ಗಾಂಧಿ ಬಜಾರು', 1960ರದು.

ಈ ಕಸುಬಿನ ಗುಟ್ಟು ಇಷ್ಟು: ಹಗಲಿನಲ್ಲಿ ಸೆಕೆಂಡಿನ ನೂರನೇ ಒಂದು ಪಾಲು ಸಾಕಾದರೆ, ರಾತ್ರಿ ದೀಪ ಹಾಕಿದ ಕಟ್ಟಡವೊಂದಕ್ಕೆ ಅದೇ ಫಿಲಮ್ಮಿನಲ್ಲಿ ನಾಲ್ಕೋ ಎಂಟೋ ಸೆಕೆಂಡು ಬೇಕು. ಸಾಮಾನ್ಯ ಡಬ್ಬಿ ಕ್ಯಾಮರಾಗಳಿಗೆ ಇದ್ದದ್ದು ಒಂದೇ ವೇಗ. ಗುಂಡಿ ಒತ್ತಿಹಿಡಿದಷ್ಟು ಹೊತ್ತು ತೆರೆದಿರುವ 'ಬಿ' ಎಂಬ ಗುರುತು ಇರುವ ಕ್ಯಾಮರಾ ಬೇಕಿತ್ತು, ಅಲುಗದ ಟ್ರೈಪಾಡು ಬೇಕಿತ್ತು. ಅದರ ಮೇಲೆ ಫಿಲಮ್ಮಿಗೂ ಸುಸ್ತಾಗುತ್ತದೆ. ಬೆಳಕು ಮಂದವಾದಂತೆ ಅದು ಲೆಕ್ಕಕ್ಕಿಂತ ಹೆಚ್ಚು ಕಾಲ ಕೇಳುತ್ತದೆ. ಎಂಟು ಸೆಕೆಂಡು ಎಂದುಕೊಂಡರೆ ಹದಿನಾರು ಕೊಡಬೇಕಾದೀತು. ಈ ನಿಯಮವನ್ನು ಜರ್ಮನಿಯ ಕಾರ್ಲ್ ಶ್ವಾರ್ಜ್‌ಶೀಲ್ಡ್ ನಕ್ಷತ್ರಗಳ ಫೋಟೋ ತೆಗೆಯುತ್ತಾ 1900ರ ಸುಮಾರಿಗೆ ಬಿಡಿಸಿಟ್ಟಿದ್ದ. ಮಾಮು ಅವನ ಹೆಸರು ಕೇಳಿರಲಿಲ್ಲ. ಕೆಟ್ಟುಹೋದ ರೋಲುಗಳೇ ಅವರಿಗೆ ಆ ಪಾಠ ಹೇಳಿದ್ದವು. ಪರದೇಶದ ಫಿಲಮ್ಮು ದುಬಾರಿ. ಊಟಿಯ ಹಿಂದೂಸ್ತಾನ್ ಫೋಟೋ ಫಿಲಮ್ಸ್ ಕಾರ್ಖಾನೆಯ 'ಇಂದು' ರೋಲೇ ಗತಿ. ಆ ಕಾರ್ಖಾನೆ ಈಗ ಮುಚ್ಚಿದೆ.

ಇಷ್ಟು ಹೊತ್ತು ಕಣ್ಣು ತೆರೆದ ಕ್ಯಾಮರಾ ಒಂದು ವಿಚಿತ್ರ ಮಾಡುತ್ತದೆ. ಎದುರಿಗೆ ನಡೆದುಹೋದವರು ಫಿಲಮ್ಮಿನಲ್ಲಿ ಉಳಿಯುವುದೇ ಇಲ್ಲ. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ. ಸಾವಿರಾರು ಜನ ನೂಕಾಡುವ ಆ ರಸ್ತೆಯನ್ನು ಹತ್ತು ಹನ್ನೆರಡು ಸೆಕೆಂಡು ಹಿಡಿದು ನೋಡಿ: ಜನಸಾಗರ ಬರೀ ಹೊಗೆ. ಉಳಿದವರು ಯಾರು? ಕಡಲೆಕಾಯಿ ರಾಶಿಯ ಹಿಂದೆ ಕೂತ ಹೆಂಗಸು, ಪೆಟ್ರೋಮ್ಯಾಕ್ಸಿನ ಪಕ್ಕದಲ್ಲಿ ತೂಕಡಿಸುವ ಹುಡುಗ, ಮುಚ್ಚಿದ ಅಂಗಡಿಯ ಜಗಲಿಯ ಮೇಲೆ ಮಲಗಿದ ಕೂಲಿ, ಬ್ಯಾಂಕಿನ ಕಾವಲುಗಾರ. ಹಗಲಿನ ಫೋಟೋದಲ್ಲಿ ಅಂಚಿಗೆ ಸರಿದವರೇ ಇಲ್ಲಿ ನಟ್ಟ ನಡುವೆ. ಛಾಯಾಗ್ರಾಹಕನ ಸಮಾಜಪ್ರೀತಿಯಿಂದ ಆದದ್ದಲ್ಲ ಇದು, ಮಂದ ಬೆಳಕು ಮತ್ತು ನಿಧಾನದ ಫಿಲಮ್ಮು ಮಾಡಿದ ನ್ಯಾಯ. ಬಡಾವಣೆಯ ಚರಿತ್ರೆ ಬರೆಯುವವರು ದೇವಸ್ಥಾನ, ದಿವಾನರು, ಸಾಹಿತಿಗಳ ಪಟ್ಟಿ ಕೊಡುತ್ತಾರೆ. ಹಾಗೆ ಕೂತೇ ಇದ್ದವರ ದಾಖಲೆ ನಮ್ಮ ಮಟ್ಟಿಗೆ ಈ ನೆಗೆಟಿವ್‌ಗಳಲ್ಲೇ ಇದೆ.

ದಿವಾನರ ಮಾತು ಬಂತು. ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಕನ್ನಂಬಾಡಿಯಲ್ಲಿ ಮೈದಳೆದ ಬೃಂದಾವನದ ಬಣ್ಣದ ಕಾರಂಜಿ, 1956ರಲ್ಲಿ ಪೂರ್ತಿಯಾದ ವಿಧಾನಸೌಧದ ದೀಪಾಲಂಕಾರ, ದಸರೆಯ ಅರಮನೆ, ಇವು ಮೂರೂ ಎಲ್ಲ ಹವ್ಯಾಸಿಗಳ ಪರೀಕ್ಷೆಯ ಪಾಠಗಳು. ಚಿತ್ರಗಳೆಲ್ಲ ಒಂದೇ ಥರ. ಸುಂದರ, ಬೇಗ ಬೇಸರ ಬರಿಸುವಂಥವು.

ಮನೆಯೊಳಗಿನ ರಾತ್ರಿ ಬೇರೆಯೇ. ಬಚ್ಚಲುಮನೆಯೇ ಡಾರ್ಕ್‌ರೂಮು. ಎಲ್ಲರ ಸ್ನಾನ, ಪಾತ್ರೆ ತೊಳೆಯುವುದು ಮುಗಿದ ಮೇಲೆ ಕಿಟಕಿಗೆ ಕಂಬಳಿ, ಬಾಗಿಲ ಸಂದಿಗೆ ಹಳೆ ಸೀರೆ, ಒಳಗೆ ಕೆಂಪು ಬಲ್ಬು. ಮೂರು ಟ್ರೇಗಳು, ಡೆವಲಪರಿನ ಘಾಟು. "ಭಾಯಿ, ಫಜ್ರ್‌ಗೆ ವುಜೂ ಮಾಡೋಕಾದ್ರೂ ಜಾಗ ಬಿಡ್ತೀರಾ?" ಎಂದು ಅಮ್ಮಿ ಹೊರಗಿನಿಂದ ಬಾಗಿಲು ತಟ್ಟುವರು. ಆದರೆ ಆ ಬಚ್ಚಲುಮನೆಯ ಉಪಕಾರ ಹೆಚ್ಚಾಗಿ ಹೆಂಗಸರಿಗೇ ಆಯಿತೆನ್ನಬೇಕು. ಸ್ಟುಡಿಯೋಗೆ ಹೋಗಿ ಪರಗಂಡಸಿನೆದುರು ಮುಖ ತೋರಲು ನಮ್ಮ ಎಷ್ಟೋ ಮನೆಗಳಲ್ಲಿ ಒಪ್ಪಿಗೆ ಇರಲಿಲ್ಲ. ಫೋಟೋ ಕೂಡದೇ ಕೂಡದು ಎಂಬ ವಾದವೂ ಇತ್ತು. ಕ್ಯಾಮರಾ ಮನೆಯವರದ್ದೇ ಆಗಿ, ತೊಳೆದು ಅಚ್ಚು ಹಾಕುವುದೂ ಮನೆಯಲ್ಲೇ ಆದಾಗ ಮಾತು ಸಡಿಲವಾಯಿತು. ನಮ್ಮ ನಾನಿಯ ಒಂದೇ ಒಂದು ಫೋಟೋ ಹೀಗೆ ಉಳಿದದ್ದು. ರಂಜಾನಿನ ಸಹರಿ ಹೊತ್ತು, ಕರೆಂಟು ಹೋಗಿದೆ, ಲಾಟೀನಿನ ಬೆಳಕಿನಲ್ಲಿ ರೊಟ್ಟಿ ಕಾಯಿಸುತ್ತಿದ್ದಾರೆ. ಕೈ ಅಲುಗಿ ಮಸುಕಾಗಿದೆ, ಮುಖ ಸ್ಪಷ್ಟವಾಗಿದೆ.

ಈ ಹುಚ್ಚಿನವರಿಗೆ ಊರಿನಲ್ಲಿ ನೆಲೆಯೂ ಇತ್ತು. ಮೈಸೂರು ಫೋಟೋಗ್ರಾಫಿಕ್ ಸೊಸೈಟಿ ಇತ್ತು. 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಟಿ.ಎನ್.ಎ. ಪೆರುಮಾಳ್ (1932–2017) ವನ್ಯಜೀವಿಗಳ ಚಿತ್ರಕ್ಕೆ ಹೆಸರಾದವರು, ಒ.ಸಿ. ಎಡ್ವರ್ಡ್ಸ್ ಅವರ ಗುರು. ಇಂಥವರ ಕೈಯಲ್ಲಿ ಎಷ್ಟೋ ಎಳೆಯರು ತಯಾರಾದರು. ಆದರೂ ಸಲಾನ್ ಪ್ರದರ್ಶನಗಳ ಗೋಡೆಯ ಮೇಲೆ ಗೂಬೆಗೆ ಸಿಕ್ಕ ಜಾಗ ರಾತ್ರಿ ಕಾವಲುಗಾರನಿಗೆ ಸಿಗಲಿಲ್ಲವೆಂಬುದು ನಮ್ಮ ತಕರಾರು.

ಈಗ ಮೊಬೈಲು ಕತ್ತಲನ್ನೇ ಹಗಲು ಮಾಡಿಕೊಡುತ್ತದೆ. ಬೀದಿಯ ಬಲ್ಬು ಹೋಗಿ ಸೋಡಿಯಂನ ಹಳದಿ ಬಂತು, ಅದೂ ಹೋಗಿ ಎಲ್‌ಇಡಿಯ ಬಿಳುಪು ಬಂದಿದೆ. ಬದಲಾಗಿರುವುದು ಬೆಳಕು ಮಾತ್ರವಲ್ಲ. ಮಾಮು ನಡುರಾತ್ರಿ ಟ್ರೈಪಾಡು ಹೂಡಿದರೆ ಬೀಟ್ ಪೊಲೀಸರು ನಿಂತು ಲೆನ್ಸಿನಲ್ಲಿ ಇಣುಕಿ ಹೋಗುತ್ತಿದ್ದರು. ಕೆಲ ವರ್ಷಗಳ ಹಿಂದೆ ಅದೇ ರಸ್ತೆಯಲ್ಲಿ ಅವರ ಮೊಮ್ಮಗನನ್ನು ತಡೆದವರು ಮೊದಲು ಹೆಸರು ಕೇಳಿದರು, ಹೆಸರು ಕೇಳಿದ ಮೇಲೆ ಮುಕ್ಕಾಲು ಗಂಟೆ ನಿಲ್ಲಿಸಿಕೊಂಡರು. ಹುಡುಗ ಅಂದಿನಿಂದ ಟ್ರೈಪಾಡು ಒಯ್ಯುವುದಿಲ್ಲ.

ಹಳೆಯ ಮನೆಗಳು ಅಪಾರ್ಟ್‌ಮೆಂಟಾಗುವಾಗ ಅಟ್ಟದ ಟ್ರಂಕುಗಳು ರದ್ದಿಯವನಿಗೆ ಹೋಗುತ್ತವೆ. ಗಾಳಿಯಾಡದ ತಗಡಿನ ಪೆಟ್ಟಿಗೆಯಲ್ಲಿ, ಬೆಂಗಳೂರಿನ ಮಳೆಗಾಲದ ತೇವದಲ್ಲಿ, ನೆಗೆಟಿವ್‌ಗಳು ಒಂದಕ್ಕೊಂದು ಅಂಟಿಕೊಂಡು ಬೂಷ್ಟು ಹಿಡಿಯುತ್ತವೆ. ಹೊರಗೆ ಕಾಗದದ ಲಕೋಟೆಯಲ್ಲಿಟ್ಟರೆ ಇನ್ನಷ್ಟು ಕಾಲ ಬಾಳುತ್ತವೆ. ಮಾಮು ಹೋದ ಮೇಲೆ ಅವರ ಪೆಟ್ಟಿಗೆ ನಮ್ಮಲ್ಲಿಗೆ ಬಂತು. ಪರಿಷೆಯ ಲಕೋಟೆಯೊಳಗೆ ಕಡಲೆಕಾಯಿ ಹೆಂಗಸು ಇದ್ದಾಳೆ, ನೆಗೆಟಿವ್ ಆದ್ದರಿಂದ ಮುಖ ಕಪ್ಪು, ಕೂದಲು ಬಿಳಿ. ಹೆಸರಿಲ್ಲ, ಊರಿಲ್ಲ. ಲಕೋಟೆಯ ಮೇಲೆ ಉರ್ದುವಿನಲ್ಲಿ ಬರೆದಿರುವುದು ಇಷ್ಟೇ: ಎಫ್ 8, 12 ಸೆಕೆಂಡು.