ಲಿನಕ್ಸ್ ಕರ್ನಲ್‌ನ ಆರಂಭಿಕ ಗುರುತುಗಳು

__ಇನಿಟ್, __ಇನಿಟ್‌ಡೇಟಾ ಮತ್ತು __ಎಕ್ಸಿಟ್ ಎಂಬವು ಲಿನಕ್ಸ್ ಕರ್ನಲ್‌ನ ಸಿ ಭಾಷೆಯ ಆಕರ ಸಂಕೇತದಲ್ಲಿ ಬಳಸುವ ಮ್ಯಾಕ್ರೋಗಳು. ಒಮ್ಮೆ ಮಾತ್ರ ಬೇಕಾಗುವ ಫಂಕ್ಷನ್ ಮತ್ತು ದತ್ತಾಂಶಗಳನ್ನು ಗುರುತಿಸಿ, ಕೆಲಸ ಮುಗಿದ ಮೇಲೆ ಅವುಗಳ ಮೆಮೊರಿಯನ್ನು ಮರಳಿ ಪಡೆಯುವುದು ಇವುಗಳ ಉದ್ದೇಶ. ಬಳಕೆದಾರರ ಪ್ರೋಗ್ರಾಮ್‌ಗಳ ಪುಟಗಳಂತೆ ಕರ್ನಲ್‌ನ ಪುಟಗಳನ್ನು ಡಿಸ್ಕ್‌ಗೆ ಸರಿಸಲಾಗದು. ಆದ್ದರಿಂದ ಅಲ್ಲಿ ಉಳಿದ ಪ್ರತಿ ಕಿಲೋಬೈಟ್ ಯಂತ್ರ ಆರುವವರೆಗೂ ಜಾಗ ಹಿಡಿದಿರುತ್ತದೆ. ಚಿಕ್ಕ ಮೆಮೊರಿಯ ರೂಟರ್‌ನಂತಹ ಸಾಧನಗಳಲ್ಲಿ ಇದು ಸಣ್ಣ ವಿಷಯವಲ್ಲ.

ಕಾರ್ಯವಿಧಾನ

__ಇನಿಟ್ ಗುರುತಿನ ಫಂಕ್ಷನ್‌ಗಳನ್ನು ಕಂಪೈಲರ್ .ಇನಿಟ್.ಟೆಕ್ಸ್ಟ್ ಎಂಬ ಪ್ರತ್ಯೇಕ ವಿಭಾಗದಲ್ಲಿಯೂ __ಇನಿಟ್‌ಡೇಟಾ ಗುರುತಿನ ಚರಾಂಶಗಳನ್ನು .ಇನಿಟ್.ಡೇಟಾ ವಿಭಾಗದಲ್ಲಿಯೂ ಇರಿಸುತ್ತದೆ. ಲಿಂಕರ್ ಅವನ್ನು ಒಂದೆಡೆ ಸೇರಿಸುತ್ತದೆ. ಬೂಟ್ ಮುಗಿಯುವಾಗ ಕರ್ನಲ್ ಆ ಪುಟಗಳನ್ನು ಬಿಡುಗಡೆ ಮಾಡಿ, ಎಷ್ಟು ಮೆಮೊರಿ ಮರಳಿತೆಂಬುದನ್ನು ತನ್ನ ದಾಖಲೆಯಲ್ಲಿ ಒಂದು ಸಾಲಾಗಿ ಬರೆಯುತ್ತದೆ. ನಂತರ ಸೇರಿಸುವ ಮಾಡ್ಯೂಲ್‌ಗಳಲ್ಲಿ ಆರಂಭಿಕ ಫಂಕ್ಷನ್ ಯಶಸ್ವಿಯಾಗಿ ಮುಗಿದ ಮೇಲೆ ಇದೇ ಕೆಲಸ ನಡೆಯುತ್ತದೆ.

__ಎಕ್ಸಿಟ್‌ನ ಲೆಕ್ಕ ಬೇರೆ. ಕರ್ನಲ್‌ನೊಳಗೇ ಸೇರಿಸಿ ಕಟ್ಟಿದ ಡ್ರೈವರನ್ನು ತೆಗೆದುಹಾಕುವ ಪ್ರಸಂಗವೇ ಬರುವುದಿಲ್ಲವಾದ್ದರಿಂದ ಅದರ ನಿರ್ಗಮನ ಫಂಕ್ಷನನ್ನು ಉಳಿಸಿಕೊಳ್ಳುವುದಿಲ್ಲ. ತೆಗೆಯಬಹುದಾದ ಮಾಡ್ಯೂಲ್‌ನಲ್ಲಿ ಅದು ಉಳಿಯುತ್ತದೆ.

ತಪ್ಪು ಬಳಕೆಯ ಅಪಾಯ

ಬಿಡುಗಡೆಯಾದ ಮೆಮೊರಿ ಬೇರೆ ಕೆಲಸಕ್ಕೆ ಹಂಚಿಕೆಯಾಗಬಹುದು. ಸಾಧನವನ್ನು ಗುರುತಿಸುವ ಪ್ರೋಬ್ ಫಂಕ್ಷನ್‌ಗೆ __ಇನಿಟ್ ಹಚ್ಚಿದರೆ, ಬೂಟ್ ಸಮಯದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಗಂಟೆಗಳ ನಂತರ ಯಾರಾದರೂ ಯುಎಸ್‌ಬಿ ಸಾಧನ ಚುಚ್ಚಿದಾಗ ಕರ್ನಲ್ ಇಲ್ಲದ ಸಂಕೇತಕ್ಕೆ ಜಿಗಿದು ಕುಸಿಯಬಹುದು. ಪರೀಕ್ಷೆಯಲ್ಲಿ ಸುಲಭವಾಗಿ ತಪ್ಪಿಸಿಕೊಳ್ಳುವ ದೋಷವಿದು. ಇದನ್ನು ಬೇಗ ಹೊರಗೆಡಹಲು ಎಕ್ಸ್86 ಕರ್ನಲ್ ಬಿಡುಗಡೆಯಾಗುವ ಪುಟಗಳನ್ನು 0ಎಕ್ಸ್‌ಸಿಸಿ ಎಂಬ ಬೈಟ್‌ನಿಂದ ತುಂಬುತ್ತದೆ; ಆ ಪ್ರೊಸೆಸರ್‌ಗಳಲ್ಲಿ ಅದು ಬ್ರೇಕ್‌ಪಾಯಿಂಟ್ ಆದೇಶವೂ ಹೌದು. ಕರ್ನಲ್ ಕಟ್ಟುವಾಗಲೇ ಮಾಡ್‌ಪೋಸ್ಟ್ ಎಂಬ ಉಪಕರಣವು ಶಾಶ್ವತ ವಿಭಾಗದಿಂದ ಆರಂಭಿಕ ವಿಭಾಗಕ್ಕೆ ಇರುವ ಉಲ್ಲೇಖಗಳನ್ನು ಹುಡುಕಿ ವಿಭಾಗಗಳ ಹೊಂದಾಣಿಕೆ ತಪ್ಪಿದೆ ಎಂದು ಎಚ್ಚರಿಸುತ್ತದೆ. ಉಲ್ಲೇಖ ನಿಜಕ್ಕೂ ಸುರಕ್ಷಿತವಾಗಿದ್ದರೆ __ರೆಫ್ ಗುರುತಿನಿಂದ ಎಚ್ಚರಿಕೆಯನ್ನು ತಡೆಯಬಹುದು, ಆದರೆ ಎಚ್ಚರಿಕೆ ಮರೆಮಾಚಲು ಅದನ್ನು ಬಳಸುವುದು ಸಲ್ಲದು.

ಕೈಬಿಟ್ಟ ಗುರುತುಗಳು

ಹಿಂದೆ __ಡೆವ್‌ಇನಿಟ್ ಮತ್ತು __ಡೆವ್‌ಎಕ್ಸಿಟ್ ಎಂಬ ಗುರುತುಗಳೂ ಇದ್ದವು. ಚಾಲನೆಯಲ್ಲಿರುವಾಗಲೇ ಸಾಧನ ಜೋಡಿಸುವ ಸೌಲಭ್ಯ ಇಲ್ಲದ ಕರ್ನಲ್‌ಗಳಲ್ಲಿ ಮಾತ್ರ ಇವು ಮೆಮೊರಿ ಉಳಿಸುತ್ತಿದ್ದವು. ಆ ಸೌಲಭ್ಯ ಎಲ್ಲ ಕರ್ನಲ್‌ಗಳಲ್ಲೂ ಕಾಯಂ ಆದದ್ದರಿಂದ 2012–13ರ ವೇಳೆಗೆ ಇವುಗಳನ್ನು ಡ್ರೈವರ್‌ಗಳಿಂದ ತೆಗೆದುಹಾಕಲಾಯಿತು. ಹಳೆಯ ಪಠ್ಯಗಳಲ್ಲಿ ಇವು ಈಗಲೂ ಕಾಣಸಿಗುತ್ತವೆ.