ಕನ್ನಡಿಗೆ ಬಿದ್ದ ಕಲ್ಲು

ರಾಯಚೂರಿನಿಂದ ದೇವದುರ್ಗಕ್ಕೆ ಹೊರಟಿದ್ದೆವು. ಕಲ್ಮಲ ದಾಟುವಾಗ ಮುಂದಿನ ಲಾರಿಯಿಂದ ಸಿಡಿದ ಹರಳು ಕಾರಿನ ಗಾಜಿಗೆ ಟಕ್ ಅಂತ ಬಡಿಯಿತು. ಜೋಳದ ಕಾಳಿನಷ್ಟು ಗುರುತು. ಸಾಲದ ಕಂತು ಇನ್ನೂ ತೀರದ ಕಾರು! ಪಕ್ಕದಲ್ಲಿದ್ದ ಕಾಕಾ, "ಗಾಜು ಹೋಗ್ಲಿ ಬಿಡು. ಲಾರಿ ಹಿಂದ ಹತ್ತಿ ಹೋಗಬ್ಯಾಡ" ಅಂದರು.

ಬಾಹ್ಯಾಕಾಶದಲ್ಲೂ ಇದೇ ಕಥೆ. 1993ರಲ್ಲಿ ಹಬಲ್ ದೂರದರ್ಶಕದಿಂದ ಬಿಚ್ಚಿ ತಂದ ಸೌರಫಲಕದ ಮೇಲೆಲ್ಲ ಸಣ್ಣ ಕುಳಿಗಳು. ಆದರೆ ಅದರ ಕನ್ನಡಿ ಕೊಳವೆಯೊಳಗೆ ಭದ್ರ. ಹೊಸಕೋಟೆಯಲ್ಲಿ ಜೋಡಿಸಿ, 2015ರಲ್ಲಿ ಆಸ್ಟ್ರೋಸ್ಯಾಟ್ ಜೊತೆ ಹಾರಿಸಿದ ನಮ್ಮ ಅತಿನೇರಳೆ ದೂರದರ್ಶಕದ ಕನ್ನಡಿಗಳೂ ಕೊಳವೆಯೊಳಗೇ ಇವೆ.

ಜೇಮ್ಸ್ ವೆಬ್‌ಗೆ ಆ ಭಾಗ್ಯವಿಲ್ಲ. ದೂರದ ನಕ್ಷತ್ರಪುಂಜಗಳ ಮಂದ ಶಾಖ ಹಿಡಿಯಬೇಕಾದರೆ ತಾನೇ ತಣ್ಣಗಿರಬೇಕು. ಹಾಗಾಗಿ ಬಿಸಿಲುಮರೆಯ ಹಿಂದೆ 6.5 ಮೀಟರ್ ಕನ್ನಡಿ ಬಯಲಿಗೇ ತೆರೆದಿದೆ. ಒಟ್ಟು 18 ತುಂಡು. ಮೇಲಿನ ಬಂಗಾರ ಸುಮಾರು ನಾಲ್ಕು ತೊಲ ಅಷ್ಟೇ. ಸಣ್ಣ ಏಟುಗಳು ನಿರೀಕ್ಷಿತವೇ. ಆದರೆ 2022ರ ಮೇ ತಿಂಗಳಲ್ಲಿ ಸಿ3 ಎಂಬ ತುಂಡಿಗೆ ಬಡಿದ ಕಣ ಲೆಕ್ಕ ಹಾಕಿದ್ದಕ್ಕಿಂತ ಜೋರಾಗಿತ್ತು. ಅಲ್ಲಿಗೆ ಹೋಗಿ ರಿಪೇರಿ ಮಾಡುವವರಿಲ್ಲ. ತುಂಡನ್ನು ಕೂದಲೆಳೆಗಿಂತ ಕಡಿಮೆ ಜರುಗಿಸಿ ದೋಷವನ್ನು ಸ್ವಲ್ಪ ತಗ್ಗಿಸಿದರು. ಗುರುತು ಉಳಿಯಿತು, ನೋಟ ಕೆಡಲಿಲ್ಲ.

ಆಮೇಲೆ ನಾಸಾ ಒಂದು ಶಿಸ್ತು ತಂದಿತು: ಚಲಿಸುವ ದಿಕ್ಕಿಗೆ ಕನ್ನಡಿಯ ಮುಖವೊಡ್ಡುವುದು ಆದಷ್ಟು ಕಡಿಮೆ. ಎದುರಿನಿಂದ ಬರುವ ಕಣದ ಏಟೇ ಜೋರು. ಆ ಕಡೆ ನೋಡಬೇಕಾದದ್ದನ್ನು ವರ್ಷದ ಬೇರೆ ತಿಂಗಳಲ್ಲಿ ನೋಡಿದರಾಯಿತು.

ಕಾಕಾ ಹೇಳಿದ್ದೂ ಅದನ್ನೇ ಅಲ್ಲವೇ? ದಾರಿ ಬಿಡಬೇಕಿಲ್ಲ, ಗಾಜಿಗೆ ಹೆದರಿ ಮನೆಯಲ್ಲಿ ಕೂರಬೇಕಿಲ್ಲ. ನಾನು ವೇಗ ಇಳಿಸಿದೆ. ಲಾರಿ ಮುಂದೆ ಹೋಯಿತು.