ಪದ ಪರಿಚಯ: ಗಚ್ಚು

ಹೈದರಾಬಾದಿನ ಗಚ್ಚಿಬೌಲಿ ಎಂದರೆ ಈಗ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು. ಹೆಸರು ಬಿಡಿಸಿ ನೋಡಿದರೆ ಗಚ್ಚು ಬಳಿದ ಬಾವಿ ಸಿಗುತ್ತದೆ. ‘ಬೌಲಿ’ ನಮ್ಮ ವಿಜಯಪುರದ ತಾಜ್ ಬಾವಡಿಯ ಬಳಗದ ಮಾತು. ‘ಗಚ್’ ಪಾರಸಿ ಪದ: ಜಿಪ್ಸಂ ಅಥವಾ ಸುಣ್ಣದ ಗಿಲಾವು. ಕನ್ನಡದಲ್ಲಿ ಅದು ಗಚ್ಚಾಯಿತು, ಗಾರೆಯೊಡನೆ ಸೇರಿ ಗಚ್ಚುಗಾರೆಯಾಯಿತು. ಮರಾಠಿಗರಿಗೆ ಗಚ್ಚಿ ಎಂದರೆ ತಾರಸಿ.

ಬಾವಿ, ತಾರಸಿ ಎರಡೂ ನೀರಿನೊಡನೆ ಸೆಣಸುವ ಜಾಗಗಳೇ. ಅರೆದು ಬಳಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಮತ್ತೆ ಸುಣ್ಣಕಲ್ಲಾಗುತ್ತದೆ. ಎಣ್ಣೆ ಬೆರೆತರೆ ಅದರ ಕೊಬ್ಬಿನಾಮ್ಲಗಳು ಸುಣ್ಣದೊಡನೆ ಕೂಡಿ ನೀರಲ್ಲಿ ಕರಗದ ಕ್ಯಾಲ್ಸಿಯಂ ಸಾಬೂನು ಹುಟ್ಟುತ್ತದೆ. ಬಿದ್ದ ಹನಿ ಹರಡದೆ ಜಾರುತ್ತದೆ. ಆದರೂ ಗೋಡೆಯೊಳಗಿನ ತೇವ ಆವಿಯಾಗಿ ಹೊರಬರಲು ದಾರಿ ಉಳಿದಿರುತ್ತದೆ. ಗಚ್ಚಿನ ದೊಡ್ಡ ಗುಣ ಇದೇ ಎಂದು ನನ್ನ ನಂಬಿಕೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. 2013ರಲ್ಲಿ ಶುರುವಾದ ಹೈದರಾಬಾದಿನ ಕುತುಬ್ ಶಾಹಿ ಗೋರಿಗಳ ಜೀರ್ಣೋದ್ಧಾರದಲ್ಲಿ ಸಿಮೆಂಟು ಕಿತ್ತು ಸುಣ್ಣದ ಗಾರೆಯನ್ನೇ ಬಳಿದದ್ದು ಅದಕ್ಕಾಗಿ.

ಹನಿಯನ್ನು ಜಾರಿಸುವ ಗುಣಕ್ಕೆ ಈಗಲೂ ಬೇಡಿಕೆ ಇದೆ. ಅದೇ ಊರಿನ ಬಾಲಾಪುರದಲ್ಲಿರುವ ಎಆರ್‌ಸಿಐ ಸಂಶೋಧನಾ ಕೇಂದ್ರ ಸೌರಫಲಕಗಳಿಗೆ ನೀರು, ಧೂಳು ಅಂಟದ ಲೇಪವನ್ನು ರೂಪಿಸಿದೆ. ಅಂಥ ಲೇಪ ಬೆಳಕನ್ನು ತಡೆಯಬಾರದು, ಬಿಸಿಲಿಗೆ ಹಾಳಾಗಬಾರದು, ಒರೆಸಿದರೆ ಸವೆಯಬಾರದು. ಮೂರೂ ಒಟ್ಟಿಗೆ ಒದಗುವುದು ಕಷ್ಟ. ಇಂಥ ಲೇಪವನ್ನು ‘ಜಲನಿರೋಧಕ’ ಎಂದು ಬರೆಯುವುದುಂಟು. ನೀರು ಒಳಗಿಳಿಯದಂತೆ ತಡೆಯುವುದಕ್ಕೆ ಆ ಪದ ಸರಿ. ಹನಿಯನ್ನೇ ಅಂಟಗೊಡದ ಲೇಪಕ್ಕೆ ‘ಜಲವಿಕರ್ಷಕ’ ಹೆಚ್ಚು ಒಪ್ಪುತ್ತದೆ.